ಈ ಸಲ ಮಾತು ಬಂದಿಲ್ಲ

ಎಣ್ಣೆಯ ವಾಸನೆ — ಕುಸುಬೆಯದಲ್ಲ, ಶೇಂಗಾದ್ದಲ್ಲ, ಹತ್ತೊಂಬತ್ತು ವರ್ಷ ಒಲೆಯ ಮುಂದೆ ಕೂತ ಮೂಗಿಗೆ ಅಷ್ಟೂ ತಿಳಿಯದಿದ್ದರೆ ಆ ಮೂಗು ಇದ್ದರೆಷ್ಟು ಬಿಟ್ಟರೆಷ್ಟು, ಇದು ಮೈಗೆ ತಿಕ್ಕುವ ಔಷಧದ ಎಣ್ಣೆ, ಮುಂದೆ ನಿಂತವಳ ಸೆರಗಿನಿಂದ ಬರುತ್ತಿದೆ, ಮನೆಯಲ್ಲಿ ಬಾಣಂತಿ ಇರಬೇಕು, ಇಲ್ಲವೇ ಸೊಂಟ ಹಿಡಿದ ಅತ್ತೆ, ರುದ್ರವ್ವನಿಗೇನು, ಆಕೆ ಬಂದದ್ದು ಓಟು ಹಾಕಲು, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ಮೂಸಿ ನೋಡಲು ಅಲ್ಲ. ಕಾಖಂಡಕಿಯ ಸಾಲೆಯ ಮುಂದೆ ಹೆಂಗಸರ ಸಾಲು ಬಿಸಿಲಿನಲ್ಲಿ, ಗಂಡಸರ ಸಾಲು ನೆರಳಿನಲ್ಲಿ, ಐವತ್ತೇಳರಲ್ಲೂ ಹಾಗೆಯೇ ಇತ್ತು, ಎಪ್ಪತ್ತೇಳರಲ್ಲೂ ಹಾಗೆಯೇ ಇದೆ, ಸರ್ಕಾರ ಬದಲಾದರೂ ನೆರಳು ಬದಲಾಗುವುದಿಲ್ಲ, ಯುಗಾದಿ ಇನ್ನೂ ಬಾಗಿಲಲ್ಲಿದೆ, ನೆತ್ತಿ ಆಗಲೇ ರೊಟ್ಟಿ ಹಂಚಿನ ಹಾಗೆ ಕಾದಿದೆ. ಈ ಹೊತ್ತಿಗೆ ವಿಜಾಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಗ್ಯಾಂಗಿನವರು ಆಕೆಯ ಖಾನಾವಳಿಯ ಬೀಗ ನೋಡಿ ತಿರುಗಿ ಹೋಗಿರುತ್ತಾರೆ, ಒಂದು ಹೊತ್ತು ಚುರುಮುರಿ ತಿಂದರೆ ಸಾಯುವುದಿಲ್ಲ, ನಿನ್ನೆ ಊಟಕ್ಕೆ ಕೂತಾಗ ಗ್ಯಾಂಗಿನ ಮೆಹಬೂಬ ಕೇಳಿದ್ದ, ಯಕ್ಕಾ, ಒಂದು ಓಟಿನ ಸಲುವಾಗಿ ಬಬಲೇಶ್ವರದಾಗ ಬಸ್ಸು ಬದಲಿಸಿ ಅಷ್ಟು ದೂರ ಹೋಗ್ತೀರಲ್ರಿ, ಹೆಸರ ಇಲ್ಲೇ ಹಚ್ಚಿಸಿದ್ರ ಒಲಿ ಮ್ಯಾಲಿನ ಸಾರು ಕುದಿಯೂದರಾಗ ಒತ್ತಿ ಬರಬಹುದಲ್ರಿ. ಹೌದಪಾ, ಮುಂದಿನ ಸಲ ಹಚ್ಚಸ್ತೀನಿ, ಅಂದಿದ್ದಳು, ಪ್ರತಿ ಸಲ ಯಾರಾದರೊಬ್ಬರಿಗೆ ಹಾಗೆ ಅಂದೇ ಬಸ್ಸು ಹತ್ತುತ್ತಾಳೆ. ಇಬ್ರಾಹಿಂಪುರದ ರೇಷನ್ ಕಾರ್ಡಿನಲ್ಲಿ ಆಕೆ ಒಬ್ಬಂಟಿ ಹೆಂಗಸು, ಖಾನಾವಳಿಯ ಹಲಗೆಯ ಮೇಲೆ ಬರಿಯ ರುದ್ರವ್ವ, ಇಂಥವನ ಹೆಂಡತಿ ಎಂದು ಅಚ್ಚಾಗಿರುವುದು ಇಡೀ ಲೋಕದಲ್ಲಿ ಕಾಖಂಡಕಿಯ ಓಟಿನ ಪಟ್ಟಿಯಲ್ಲಿ ಮಾತ್ರ, ಇದನ್ನು ಮೆಹಬೂಬನಿಗೆ ಹೇಳಲಿಕ್ಕಾಗುತ್ತದೆಯೇ.

ಓಟು ಯಾರಿಗೆ ಎಂಬುದು ಗೊತ್ತಿದೆ, ಗೊತ್ತಿರದೇ ಏನು, ರುದ್ರವ್ವ ಮನುಷ್ಯರನ್ನು ಅಳೆಯುವುದು ಊಟದ ತಾಟಿನಲ್ಲಿ, ಭಾಷಣ ಎಲ್ಲರೂ ಚಂದ ಮಾಡುತ್ತಾರೆ, ರೊಟ್ಟಿ ಚಂದ ಮುರಿಯುವವರು ಕಡಿಮೆ. ಚುನಾವಣೆಗೆ ನಿಂತ ಧಣಿಗಳು ಖಾನಾವಳಿಗೆ ಬರುವುದಿಲ್ಲ, ಅವರಿಗಾಗಿ ಜೀಪಿನಲ್ಲಿ ತಿರುಗುವವರು ಬರುತ್ತಾರೆ, ಆಳು ಉಣ್ಣುವುದನ್ನು ನೋಡಿದರೆ ಧಣಿಯ ಗುಣ ತಿಳಿಯುತ್ತದೆ, ಇದು ಯಾವ ಪುರಾಣದಲ್ಲೂ ಇಲ್ಲ, ರುದ್ರವ್ವನದೇ ಶಾಸ್ತ್ರ. ಈ ಸಲ ಇರುವುದು ಎರಡೇ ಗುರುತಿನ ಮಾತು, ಆಕಳು-ಕರು ಒಂದು, ನೇಗಿಲು ಹೊತ್ತ ರೈತ ಒಂದು. ಆಕಳಿನ ಕಡೆಯವನೊಬ್ಬ ಹೋದ ವಾರ ಬಂದು ಕೈ ತೊಳೆದುಕೊಂಡು ಕೂತ, ಬದನೆಕಾಯಿಯ ತೊಟ್ಟನ್ನೂ ಚೀಪಿ ಇಟ್ಟ, ಎದ್ದು ಹೋಗುವಾಗ ಯವ್ವಾ, ಹೊಟ್ಟಿ ತಂಪಾತು ಅಂದ, ನೇಗಿಲಿನ ಕಡೆಯ ಇಬ್ಬರು ಬಂದವರು ರೊಟ್ಟಿಯ ಅಂಚು ಹರಿದು ಹರಿದು ಬಿಟ್ಟರು, ಮುಖ ನೋಡದೆ ಚಟ್ನಿ ಚಟ್ನಿ ಎಂದು ಕೂಗಿದರು, ಉಂಡ ತಾಟಿನಲ್ಲೇ ಕೈ ತೊಳೆದರು, ಶಾಸ್ತ್ರದ ಪ್ರಕಾರ ಹೋದರೆ ಓಟು ಆಕಳಿಗೆ — ಆದರೆ ಆಕಳಿನವರದೇ ಸರ್ಕಾರದ ಆ ಎರಡು ವರ್ಷ, ಎಮರ್ಜನ್ಸಿ ಅಂತ, ರೈಲು ಹೊತ್ತಿಗೆ ಸರಿಯಾಗಿ ಬಂತು, ಗ್ಯಾಂಗಿನವರು ಹೊತ್ತಿಗೆ ಸರಿಯಾಗಿ ಉಣ್ಣಲು ಬಂದರು, ಸೀಮೆಎಣ್ಣೆ ಸಿಕ್ಕಿತು, ಸುಳ್ಳು ಯಾಕೆ ಹೇಳಬೇಕು, ಎಲ್ಲ ಸಿಕ್ಕಿತು, ಪಂಕ್ತಿಯಲ್ಲಿ ಮಾತು ಮಾತ್ರ ಹೋಯಿತು. ಮೊದಲು ಸಾರಿಗೆ ಉಪ್ಪು ಕಡಿಮೆಯಾದರೂ ಸರ್ಕಾರವನ್ನೇ ಬೈಯುತ್ತಿದ್ದರು, ಆಮೇಲೆ ಬರಿಯ ಹಲ್ಲಿನ ಸಪ್ಪಳ, ಇಪ್ಪತ್ತು ಮಂದಿ ಕೂತು ಉಂಡರೂ ಒಬ್ಬಂಟಿ ಮನೆಯ ಹಾಗೆ, ಒಬ್ಬಳೇ ಇರುವವಳಿಗೆ ಹೊಟ್ಟೆ ತುಂಬುವುದು ಬೇರೆಯವರ ಮಾತಿನಿಂದ, ಅದು ಇವರಿಗೆಲ್ಲಿ ಗೊತ್ತು. ಒಂದು ದಿನ ಸಾಲೆಯ ಗುರುಪಾದಯ್ಯ ಮಾಸ್ತರರು ತಾಟಿನಿಂದ ತಲೆ ಎತ್ತದೆ ಕೇಳಿದರು, ರುದ್ರವ್ವಾ, ನಿಮ್ಮ ಗುರ್ತಿನವರು ಯಾರರ ಅದಾರೇನ್ರಿ ಮಕ್ಕಳಾಗದ ಆಪರೇಶನ್ನಿಗೆ, ಎರಡು ಕೇಸು ತರಬೇಕಂತ ಮ್ಯಾಲಿನವರು ಬೆನ್ನ ಹತ್ಯಾರ. ಆಕೆ ನಗುತ್ತಲೇ ಅಂದಳು, ನನ್ನ ಕರಕೊಂಡು ನಡೀರಿ ಮಾಸ್ತರ, ನನಗ ದ್ಯಾವರು ಪುಕ್ಕಟ ಮಾಡ್ಯಾನ. ಪಂಕ್ತಿಯೆಲ್ಲ ನಕ್ಕಿತು, ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು, ಮಾಸ್ತರರು ಅರ್ಧ ರೊಟ್ಟಿ ಬಿಟ್ಟು ಎದ್ದರು, ಅನ್ನದ ಮುಂದೆ ಹಾಗೆ ತಲೆ ತಗ್ಗಿಸುವಂತೆ ಮಾಡಿದವರಿಗೆ ಓಟು ಹೇಗೆ ಕೊಡುವುದು. ನೇಗಿಲಿನವರು ಅಂಚು ಬಿಟ್ಟರು, ಹೌದು, ಬಿಟ್ಟರೂ ಬಾಯಿ ತುಂಬ ಗದ್ದಲ ಮಾಡಿ ಉಂಡರು, ಅವರ ಗದ್ದಲ ಕೇಳಿ ಮೆಹಬೂಬನೂ ಎರಡು ವರ್ಷದ ಮೇಲೆ ದನಿ ಎತ್ತಿ ಮಾತಾಡಿದ, ಹಾಗಾಗಿ ಓಟು ನೇಗಿಲಿಗೆ, ಬಸ್ಸಿನಲ್ಲಿ ಕೂತಾಗಲೇ ಇದು ಪಕ್ಕಾ ಆಗಿತ್ತು, ಆಗಿತ್ತಲ್ಲವೇ.

ಹಾಗಾದರೆ ಬೇವಿನ ಗಿಡದ ಕಡೆ ಯಾಕೆ ನೋಡುತ್ತಿದ್ದಾಳೆ. ಗಿಡದ ಕೆಳಗೆ ರೇವಪ್ಪ ನಿಂತಿದ್ದಾನೆ, ಗಂಡನ ಹೊಲದ ನೆರೆಯವ, ಬದುವಿನ ಆಚೆ ಈಚೆ ಬೆಳೆದ ಸ್ನೇಹ, ಗಂಡನನ್ನು ಅಣ್ಣ ಅನ್ನುತ್ತಾನೆ, ಆಕೆಯನ್ನು ವೈನಿ ಅನ್ನುತ್ತಾನೆ, ಪ್ರತಿ ಓಟಿಗೂ ಅಲ್ಲೇ ನಿಂತಿರುತ್ತಾನೆ, ಆಕೆ ಬಂದೊಡನೆ ಟೊಂಕ ಹಿಡಿದುಕೊಂಡು ಹತ್ತಿರ ಬಂದು ಅಣ್ಣನ ಮಾತು ಮುಟ್ಟಿಸುತ್ತಾನೆ, ಈ ಸಲ ಮುಖ ಆ ಕಡೆ ತಿರುಗಿಸಿ ನಿಂತಿದ್ದಾನೆ. ಐವತ್ತೇಳರಲ್ಲಿ ನಡುವೆ ಯಾರೂ ಬೇಕಾಗಿರಲಿಲ್ಲ, ಆಗ ಒತ್ತುವುದೂ ಇರಲಿಲ್ಲ, ಗುರುತಿಗೊಂದು ಪೆಟ್ಟಿಗೆ ಇಟ್ಟಿದ್ದರು, ಇದೇ ಸಾಲೆಯ ಬಾಗಿಲಿನ ತನಕ ಗಂಡ ಬಂದು ಕಿವಿಯಲ್ಲಿ ಹೇಳಿದ್ದ, ಜೋಡೆತ್ತು, ಎತ್ತಿನ ಚಿತ್ರ ಇದ್ದ ಪೆಟ್ಟಿಗಿ, ಮರೀಬ್ಯಾಡ, ಮೀಸೆ ಕಿವಿಗೆ ತಾಗಿ ನಗು ಬಂದಿತ್ತು, ಆ ನಗುವಿನಲ್ಲೇ ಚೀಟಿ ಹಾಕಿ ಬಂದಿದ್ದಳು, ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಖಾಲಿ, ಮರುವರ್ಷವೇ ಆತ ಹುಚ್ಚವ್ವನನ್ನು ಮಾಡಿಕೊಂಡ. ನೀನೂ ಇರು, ಮನಿ ದೊಡ್ಡದೈತಿ, ಅಂದ, ಮನೆ ದೊಡ್ಡದಿತ್ತು ನಿಜ, ಇವಳ ಎದೆ ಅಷ್ಟು ದೊಡ್ಡದಿರಲಿಲ್ಲ, ಟ್ರಂಕು ಎತ್ತಿಕೊಂಡು ನಡೆದಳು, ತವರು ಘೋಣಸಗಿಯಲ್ಲಿ ಅತ್ತಿಗೆಯ ಮೋರೆ ನೋಡಿಕೊಂಡು ನಾಲ್ಕು ತಿಂಗಳು, ತಿಕೋಟಾದ ಸಂತೆಯಲ್ಲಿ ರೊಟ್ಟಿ-ಝುಣಕ ಮಾರುತ್ತ ಒಂದಿಷ್ಟು ದಿನ, ಆಮೇಲೆ ವಿಜಾಪುರ, ಮೊದಲು ಬೇರೆಯವರ ಮನೆಯ ಒಲೆ, ಕೆಲವು ವರ್ಷದ ಮೇಲೆ ಸ್ವಂತ ಖಾನಾವಳಿ. ಅರವತ್ತೆರಡರಲ್ಲಿ ಓಟಿಗೆ ಬಂದಾಗ ರೇವಪ್ಪ ಮೊದಲ ಸಲ ಹತ್ತಿರ ಬಂದ, ವೈನಿ, ಅಣ್ಣ ಹೇಳ್ಯಾನ, ಜೋಡೆತ್ತಿಗೇ ಒತ್ತಬೇಕಂತ. ನಾಲ್ಕು ವರ್ಷದ ಮೇಲೆ ಗಂಡನಿಂದ ಬಂದ ಮೊದಲ ಮಾತು, ಉಂಡೆಯಾ ಅಲ್ಲ, ಹೇಗಿದ್ದೀ ಅಲ್ಲ, ಜೋಡೆತ್ತು, ಸಿಟ್ಟಿನಿಂದ ಒಳಗೆ ಹೋಗಿ ಗುಡಿಸಲಿಗೆ ಒತ್ತಿದಳು, ಒತ್ತಿದ ಮೇಲೆ ಮೈಯೆಲ್ಲ ಹಗುರಾಯಿತು. ಅರವತ್ತೇಳರಲ್ಲಿ ಮಾತು ಬಂತು, ನಕ್ಷತ್ರಕ್ಕೆ ಒತ್ತಬೇಕಂತೆ, ಆಕೆ ಜೋಡೆತ್ತಿಗೆ ಒತ್ತಿದಳು, ತಿಂಗಳ ಮೇಲೆ ಖಾನಾವಳಿಗೆ ಬಂದ ಕಾಖಂಡಕಿಯವನೊಬ್ಬ ಉಣ್ಣುತ್ತ ಉಣ್ಣುತ್ತ ಅಂದ, ಜೋಡೆತ್ತಿನ ಬಾವುಟ ಈ ಸಲಾನೂ ನಿಮ್ಮವರ ಮನಿ ಮ್ಯಾಲನ ಇತ್ತಲ್ರಿ. ಕಳ್ಳ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ ಎಂದು ತಿಳಿದೇ ಉಲ್ಟಾ ಹೇಳಿ ಕಳಿಸಿದ್ದ, ಅಷ್ಟು ಬಲ್ಲ ಹೆಂಡತಿಯನ್ನು, ಸಾರಿನ ಸೌಟು ಹಿಡಿದುಕೊಂಡು ಒಬ್ಬಳೇ ನಕ್ಕಿದ್ದಳು, ನಕ್ಕು ನಕ್ಕು ಕಣ್ಣು ಒರೆಸಿಕೊಂಡಿದ್ದಳು. ಎಪ್ಪತ್ತೊಂದರಲ್ಲಿ ಆಕಳು-ಕರು ಎಂದು ಮಾತು ಬಂದಾಗ ಓಟಿನ ಮರೆಯಲ್ಲಿ ಎಷ್ಟು ಹೊತ್ತು ನಿಂತಿದ್ದಳು, ಇದು ಸುಲ್ಟಾನೋ ಉಲ್ಟಾನೋ, ಅವನು ಹೀಗೆ ಅಂದರೆ ನಾನು ಹಾಗೆ, ನಾನು ಹಾಗೆ ಅಂತ ತಿಳಿದು ಅವನು ಹೀಗೆ ಅಂದಿದ್ದರೆ, ಕೊನೆಗೆ ಚರಕ ನೂಲುವ ಹೆಂಗಸಿನ ಗುರುತಿಗೆ ಒತ್ತಿ ಬಬಲೇಶ್ವರ ಬರುವ ತನಕ ಬಸ್ಸಿನಲ್ಲಿ ಮುಗುಳ್ನಗುತ್ತ ಕೂತಿದ್ದಳು, ಬೇರೆ ಹೆಂಗಸರು ದಿನಾ ಗಂಡನ ಜೊತೆ ಕಚ್ಚಾಡುತ್ತಾರೆ, ಆಕೆಗೆ ಐದು ವರ್ಷಕ್ಕೊಮ್ಮೆ. ಎಪ್ಪತ್ತೆರಡರ ಬೆಂಗಳೂರಿನ ವಿಧಾನಸಭೆಯ ಓಟಿಗೆ ಜ್ವರ ಬಿದ್ದು ಬರಲಾಗಲಿಲ್ಲ, ಹಾಗಾಗಿ ಆರು ವರ್ಷವಾಯಿತು ಮಾತಾಡಿ.

ಸಾಲು ಸರಿಯಿತು, ಎರಡು ಹೆಜ್ಜೆ, ಮತ್ತೆ ನಿಂತಿತು, ಬಾಗಿಲು ಹತ್ತಿರ ಬರುತ್ತಿದೆ, ರೇವಪ್ಪ ಇನ್ನೂ ಬರುವುದಿಲ್ಲ, ಕೆಮ್ಮಿದಳು, ಬಳೆ ಸರಿಪಡಿಸಿಕೊಂಡಳು, ಒಳಗೆ ಹೋಗಿಬಿಟ್ಟರೆ ಆಮೇಲೆ ಬಂದು ಏನು ಹೇಳುತ್ತಾನೆ ಈ ಮೂಳ, ಬಾಯಿ ಬಿಟ್ಟು ಕೇಳುವುದು ಮರ್ಯಾದೆಯಲ್ಲ, ಕೇಳದೆ ಒಳಗೆ ಹೋಗಲು ಕಾಲು ಬರುವುದಿಲ್ಲ. ಯಾಕೋ ರೇವಪ್ಪ, ಈ ಸಲ ಏನೂ ಹೇಳಿ ಕಳಿಸಿಲ್ಲೇನೋ? ಅಂದೇಬಿಟ್ಟಳು, ದನಿ ತನಗೇ ದೊಡ್ಡದಾಗಿ ಕೇಳಿಸಿತು, ಆತ ಬಂದ, ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಂಡುತ್ತ ನಿಂತ. ವೈನಿ, ನಿಮಗ ಯಾರೂ ಸುದ್ದಿ ಮುಟ್ಟಿಸಿಲ್ಲೇನ್ರಿ, ಅಣ್ಣಗ ಲಕ್ವಾ ಹೊಡದು ಮೂರ ತಿಂಗಳಾತ್ರಿ, ಬಲಗೈ ಬಲಗಾಲು ಹೋದೂವು, ಮಾತು ನಿಂತೈತಿ. ಮತ್ತೆ ಅವನೇ ಅಂದ, ಮುಂಜಾನಿ ಹೋಗಿದ್ನಿರಿ ನಾ, ಇವತ್ತ ವೈನಿ ಬರ್ತಾರ, ಏನ ಹೇಳಲಿ ಅಂತ ಕೇಳಿದ್ನಿ, ಕಣ್ಣ ತೆರದು ನನ್ನ ನೋಡಿದ, ಬಾಯಿ ತೆಗದ, ಮುಚ್ಚಿದ, ಮತ್ತ ತೆಗದ, ಮುಚ್ಚಿದ, ಭಾಳ ಹೊತ್ತು ಹಂಗ ಮಾಡಿದ್ರಿ, ಏನೂ ಬರಲಿಲ್ಲ. ಅಷ್ಟು ಹೇಳಿ ಟವೆಲಿನಿಂದ ಮೂಗು ಒರೆಸಿಕೊಂಡು ಹೋದ. ಮೂರು ತಿಂಗಳು, ಅಂದರೆ ಸಂಕ್ರಾಂತಿಗಿಂತ ಮೊದಲು, ಸಂಕ್ರಾಂತಿಗೆ ಆಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿ ಗ್ಯಾಂಗಿನವರಿಗೆಲ್ಲ ಹಂಚಿ ಒಂದು ತಾನೂ ತಿಂದಿದ್ದಳು, ಗಂಟಲಲ್ಲಿ ಇಳಿದಿತ್ತು ಅದು, ಸಲೀಸಾಗಿ ಇಳಿದಿತ್ತು. ಏನು ಹೇಳಲು ಬಾಯಿ ತೆರೆದಿದ್ದಾನು, ಆಕಳು ಅನ್ನಲೋ, ನೇಗಿಲು ಅನ್ನಲೋ, ಹೆಂಗಂದಿದ್ದಾನು, ಆತನ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದಳು, ಒತ್ತಬೇಕಂತ, ಒತ್ತಬೇಕಂತ — ಅದು ರೇವಪ್ಪನ ದನಿ. ಇನ್ನೊಮ್ಮೆ, ಕಣ್ಣು ಮುಚ್ಚಿ, ಜೋಡೆತ್ತು ಮರೀಬ್ಯಾಡ, ಮೀಸೆ ನೆನಪಿದೆ, ಕಿವಿಯ ಬಿಸಿ ನೆನಪಿದೆ, ದನಿ ಇಲ್ಲ, ಹದಿನೈದು ವರ್ಷ ಗಂಡನ ಮಾತನ್ನು ರೇವಪ್ಪನ ಗಂಟಲಿನಲ್ಲಿ ಕೇಳಿ ಕೇಳಿ ಗಂಡನ ಗಂಟಲು ಅಳಿಸಿ ಹೋಗಿದೆ, ದಪ್ಪ ದನಿಯೋ ಸಣ್ಣದೋ ಅದೂ ತಿಳಿಯುತ್ತಿಲ್ಲ, ಬರಿಯ ಬಾಯಿ ಕಾಣುತ್ತದೆ, ತೆರೆಯುವುದು, ಮುಚ್ಚುವುದು.

ಅಕ್ಕಾ, ಅಂದಳು ಎಣ್ಣೆಯ ವಾಸನೆಯವಳು, ತಿರುಗಿ ನಿಂತಿದ್ದಳು, ನಾನ್ರಿ, ಹುಚ್ಚವ್ವ. ಪ್ರತಿ ಓಟಿಗೂ ಗಂಡ ಈಕೆಯನ್ನು ಕರೆದುಕೊಂಡು ಸಾಲೆಯ ಬಾಗಿಲು ತೆರೆಯುತ್ತಲೇ ಬಂದು ಒತ್ತಿಸಿ ಹೋಗಿಬಿಡುತ್ತಿದ್ದ, ಹಾಗಾಗಿ ಹತ್ತೊಂಬತ್ತು ವರ್ಷದಿಂದ ಮುಖಾಮುಖಿ ಆಗಿರಲಿಲ್ಲ, ಸವತಿ ಎಂದರೆ ರುದ್ರವ್ವನ ಮನಸ್ಸಿನಲ್ಲಿ ಇವತ್ತಿಗೂ ಹಸಿರು ಬಳೆಯ ಹತ್ತೊಂಬತ್ತರ ಹುಡುಗಿ, ಎದುರಿಗೆ ನಿಂತವಳ ಕಿವಿಯ ಮೇಲೆ ಬಿಳಿ ಕೂದಲು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಅಂಗೈ ತಿಕ್ಕಿ ತಿಕ್ಕಿ ಕೆಂಪಾಗಿದೆ, ಇವಳ ಮಡಿಲೂ ತುಂಬಲಿಲ್ಲ, ಅದನ್ನು ಕೇಳಿದ ವರ್ಷ ರುದ್ರವ್ವ ಒಳಗೊಳಗೇ ಹಿಗ್ಗಿದ್ದಳು, ದೇವರು ಕ್ಷಮಿಸಲಿ, ಈಗ ಆ ಹಿಗ್ಗು ನೆನೆದು ನಾಚಿಕೆಯಾಗುತ್ತದೆ. ಹೆಂಗದಾರ, ಅಂದಳು. ಹಂಗ ಅದಾರ್ರಿ, ಗಂಜಿ ಒಂದ ಚಮಚ ಹಾಕಿದ್ರ ಅರ್ಧ ಗಲ್ಲದ ಮ್ಯಾಲ ಇಳೀತೈತಿ, ಒತ್ತಾಯ ಮಾಡಿದ್ರ ಕಣ್ಣಾಗ ನೀರ ತರ್ತಾರ, ಮನಿಗೆ ಬಂದು ಹೋಗ್ರಿ ಅಕ್ಕಾ. ಎರಡರ ಬಸ್ಸಿಗೆ ಹೋಗಬೇಕು ನಾ, ಅಂದುಬಿಟ್ಟಳು ರುದ್ರವ್ವ, ಯಾಕೆ ಅಂದಳೋ, ಬಾಯಿಯೇ ಅಂದಿತು, ಬಾಯಿಗೆ ಬರುವುದೆಲ್ಲ ಮನಸ್ಸಿನದೇ ಆಗಿದ್ದರೆ ಲೋಕ ಬೇರೆ ಇರುತ್ತಿತ್ತು. ಹುಚ್ಚವ್ವ ಇನ್ನೂ ಹತ್ತಿರ ಸರಿದು ಪಿಸುಗುಟ್ಟಿದಳು, ಅಕ್ಕಾ, ಒಂದ ಮಾತ ಕೇಳ್ತೀನಿ, ಯಾವದಕ್ಕ ಒತ್ತಲಿ ನಾ, ಪ್ರತಿ ಸಲ ಅವರ ಹೇಳ್ತಿದ್ರು, ಈ ಸಲ ಯಾರೂ ಹೇಳಿಲ್ಲ, ನೀವ ದೊಡ್ಡವರು, ನೀವ ಹೇಳ್ರಿ. ನಿನ್ನ ಮನಸಿಗೆ ಬಂದದ್ದಕ್ಕ ಒತ್ತು, ಅನ್ನಬೇಕಾಗಿತ್ತು, ಅದೇ ನ್ಯಾಯ, ಆದರೆ ಆ ನಿದ್ದೆಗೆಟ್ಟ ಕಣ್ಣಿನ ಮುಂದೆ ಆ ಮಾತು ಕೈ ತೊಳೆದುಕೊಂಡ ಹಾಗಿರುತ್ತಿತ್ತು, ಮನಸ್ಸಿಗೆ ಬಂದದ್ದನ್ನು ಕೇಳಿಕೊಳ್ಳಲು ಇವಳಿಗೆ ಈ ಮೂರು ತಿಂಗಳಲ್ಲಿ ಒಂದು ಗಳಿಗೆ ಸಿಕ್ಕಿದ್ದರೆ ತಾನೆ. ನೇಗಲ ಹೊತ್ತಾಂವಗ ಒತ್ತು ಬೇ, ಅಂದಳು ರುದ್ರವ್ವ. ಹೂಂ ಅಕ್ಕಾ, ಅಂದು ಹುಚ್ಚವ್ವ ಬೆರಳು ಮಡಚಿ ಮುಷ್ಟಿ ಮಾಡಿಕೊಂಡು ತಿರುಗಿ ನಿಂತಳು.

ಒಳಗೆ ಮೇಜು, ಮೇಜಿನ ಹಿಂದೆ ಕನ್ನಡಕದ ಗುಮಾಸ್ತ, ಬೇರೆ ಊರಿನವನು, ಮುಂಜಾನೆಯಿಂದ ಹೆಂಗಸರ ಹೆಸರು ಕೇಳಿ ಕೇಳಿ ಬೇಸತ್ತಿದ್ದಾನೆ. ಹೆಸರೇನು. ಹುಚ್ಚವ್ವ. ಈ ಊರಾಗ ಐದು ಮಂದಿ ಹುಚ್ಚವ್ವ ಅದಾರ, ಗಂಡನ ಹೆಸರು? ಹುಚ್ಚವ್ವ ತಲೆ ತಗ್ಗಿಸಿದಳು, ಗಂಡನ ಹೆಸರು ಬಾಯಲ್ಲಿ ತಂದರೆ ಆತನ ಆಯುಷ್ಯ ಸವೆಯುತ್ತದೆ, ಮದುವೆ ಮುಂಜಿಯಲ್ಲಿ ಒಡಪು ಕಟ್ಟಿ ಹೇಳಿದರೆ ದೋಷವಿಲ್ಲ, ಈ ಗುಮಾಸ್ತನ ಮುಂದೆ ಯಾರು ಒಡಪು ಕಟ್ಟುತ್ತಾರೆ, ಅದೂ ಮೂರು ತಿಂಗಳಿನಿಂದ ಹಾಸಿಗೆ ಹಿಡಿದವನ ಹೆಸರು. ಹಿಂದ ನಿಂತವರ, ನೀವಾದ್ರೂ ಹೇಳ್ರಿ, ಇವರ ಗಂಡನ ಹೆಸರೇನು, ಎಂದು ಗುಮಾಸ್ತ ರುದ್ರವ್ವನನ್ನು ಕೇಳಿದ, ರುದ್ರವ್ವನೂ ತಲೆ ತಗ್ಗಿಸಿದಳು. ಅಲ್ಲ್ರೀ, ಇವರು ಹೇಳಂಗಿಲ್ಲ ಸರಿ, ನಿಮಗೇನಾಗೈತಿ? ಸಾಲಿನಲ್ಲಿ ಕಿಸಕ್ಕೆಂದು ಯಾರೋ ನಕ್ಕರು, ಕೊನೆಗೆ ಹಿಂದಿನಿಂದ ಓಣಿಯ ಮುದುಕಿ ಕಾಶಿಬಾಯಿ ಕೂಗಿದಳು, ಗುರಲಿಂಗಪ್ಪ ಅಂತ ಬರಕೋ ಯಪ್ಪಾ, ಇಬ್ಬರಿಗೂ ಅವನ! ಗುಮಾಸ್ತನಿಗೂ ನಗು ಬಂತು, ಪಟ್ಟಿಯ ಮೇಲೆ ಬೆರಳು ಓಡಿಸಿ ಗಟ್ಟಿಯಾಗಿ ಓದಿದ, ನಾನೂರಾ ಹನ್ನೆರಡು, ರುದ್ರವ್ವ ಗಂಡ ಗುರಲಿಂಗಪ್ಪ, ನಾನೂರಾ ಹದಿಮೂರು, ಹುಚ್ಚವ್ವ ಗಂಡ ಗುರಲಿಂಗಪ್ಪ, ಒಂದೇ ಮನಿ. ಇಷ್ಟನ್ನು ಕೇಳಲಿಕ್ಕೆಂದೇ ರುದ್ರವ್ವ ಪ್ರತಿ ಸಲ ಎರಡು ಬಸ್ಸು ಹತ್ತಿ ಬರುತ್ತಿದ್ದಳು, ಒಂದೇ ಮನಿ, ಪ್ರತಿ ಸಲ ಕೇಳಿದಾಗ ಬೆನ್ನು ನೆಟ್ಟಗಾಗುತ್ತಿತ್ತು, ಇವತ್ತು ಕಣ್ಣು ಹುಚ್ಚವ್ವನ ಬೆನ್ನಿನ ಮೇಲೆ ಹೋಯಿತು, ಬೆರಳಿಗೆ ಶಾಯಿ ತಣ್ಣಗೆ ಹತ್ತಿತು. ಹುಚ್ಚವ್ವ ಮರೆಗೆ ಹೋದವಳು ಹಿಟ್ಟು ನಾದುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ, ಚೀಟಿ ಪೆಟ್ಟಿಗೆಗೆ ಹಾಕಿ, ಹೇಳಿದ ಕೆಲಸ ಮುಗಿಸಿದವಳ ಹಾಗೆ ಇವಳ ಮುಖ ನೋಡಿ ತಲೆ ಆಡಿಸಿ ಹೊರಗೆ ಓಡಿದಳು, ಗಂಜಿಯ ಹೊತ್ತಾಗಿರಬೇಕು.

ಈಗ ತಟ್ಟಿನ ಮರೆ, ಕಾಲು ಅಲ್ಲಾಡುವ ಮೇಜು, ಮೊಹರು, ಕಾಗದ, ಕಾಗದದ ಮೇಲೆ ಆಕಳು ಕರುವನ್ನು ನೆಕ್ಕುತ್ತಿದೆ, ರೈತ ನೇಗಿಲು ಹೊತ್ತು ನಿಂತಿದ್ದಾನೆ, ಒತ್ತು, ಬಸ್ಸಿನಲ್ಲೇ ಪಕ್ಕಾ ಆಗಿದೆಯಲ್ಲ, ಒತ್ತಲಿಕ್ಕೇನು. ತಾಟಿನ ಶಾಸ್ತ್ರ, ಗುರುಪಾದಯ್ಯನವರ ಅರ್ಧ ರೊಟ್ಟಿ, ಮೆಹಬೂಬನ ದನಿ, ಎಲ್ಲ ನಿಜ, ಆದರೆ ಅರವತ್ತೆರಡರಲ್ಲಿ ಗುಡಿಸಲಿನವರು ಹೇಗೆ ಉಂಡಿದ್ದರು, ಆಗ ಖಾನಾವಳಿಯೇ ಇರಲಿಲ್ಲ, ನೂಲುವ ಹೆಂಗಸಿನ ಕಡೆಯವರು ಯಾರಾದರೂ ಬಂದು ಉಂಡಿದ್ದರೇ, ನೆನಪಿಲ್ಲ, ಬಂದೇ ಇಲ್ಲ, ಶಾಸ್ತ್ರವೆಲ್ಲ ಊರಿಗೆ ಹೇಳಲಿಕ್ಕೆ, ರುದ್ರವ್ವಾ, ಇಲ್ಲಿ ಯಾರಿದ್ದಾರೆ, ಇಲ್ಲಾದರೂ ನಿಜ ಹೇಳು, ನೀನು ಒಂದು ಸಲವೂ ಯಾರನ್ನೂ ಆರಿಸಲಿಲ್ಲ, ಅವನು ಬೇಡ ಅನ್ನುವುದನ್ನು ಆರಿಸಿದೆ. ನನ್ನ ಓಟು ನನ್ನದು ಎಂದು ಎಷ್ಟು ಮಂದಿಯ ಮುಂದೆ ಎದೆ ತಟ್ಟಿಕೊಂಡಿದ್ದಳು, ಅದರಲ್ಲಿ ಆಕೆಯದು ಎಷ್ಟಿತ್ತು, ಜಗಳವಿತ್ತು, ಒಂದು ತುದಿ ಆಕೆಯ ಕೈಯಲ್ಲಿ, ಒಂದು ತುದಿ ಆತನ ಕೈಯಲ್ಲಿ, ಹಗ್ಗ ಬಿಗಿಯಾಗಿದ್ದಷ್ಟು ದಿನ ಆ ತುದಿಯಲ್ಲಿ ಯಾರೋ ಇದ್ದಾರೆಂದು ಗೊತ್ತಾಗುತ್ತಿತ್ತು. ಮತ್ತೆ ಇವತ್ತು ಸಾಲಿನಲ್ಲಿ ನಿಂತು ಏನು ಮಾಡಿದಳು, ಯಾವ ಮಾತಿಗೆ ಎದುರು ಬೀಳಲು ಇಷ್ಟು ವರ್ಷ ಬಸ್ಸು ಹತ್ತಿದಳೋ ಅದೇ ಮಾತನ್ನು ತಾನೇ ಹುಚ್ಚವ್ವನಿಗೆ ಹೇಳಿದಳು, ಒತ್ತು ಬೇ, ಥೇಟ್ ಯಜಮಾನನ ಹಾಗೆ, ಹುಚ್ಚವ್ವ ಹೂಂ ಅಂದಳು, ಉಲ್ಟಾ ಒತ್ತುವವಳಲ್ಲ ಅವಳು, ಮೀಸೆಯೊಂದು ಕಡಿಮೆ ಇತ್ತು ರುದ್ರವ್ವನಿಗೆ. ಹಾಗಾದರೆ ಆಕಳಿಗೆ ಒತ್ತಲೇ, ಅರವತ್ತೇಳರ ಆ ಮೋಸ ಬಿಟ್ಟರೆ ಆ ಮನೆಯಿಂದ ಬಂದ ಎರಡು ಓಟು ಎಂದೂ ಒಂದೇ ಕಡೆ ಬಿದ್ದಿಲ್ಲ, ಪದ್ಧತಿ ಮುರಿಯುವುದು ಬೇಡ, ತನ್ನ ಮಾತಿಗೆ ತಾನೇ ಎದುರು, ಆದರೆ ಅದರಲ್ಲಿ ಯಾರಿಗೆ ಸಿಟ್ಟು ಬರುತ್ತದೆ, ಯಾರು ನಗುತ್ತಾರೆ, ಯಾರು ತಿಂಗಳ ಮೇಲೆ ಕೇಳಿ ಕಳ್ಳಿ ಅನ್ನುತ್ತಾರೆ. ಯವ್ವಾ, ಲಗೂನ ಮಾಡ್ರಿ, ಗುಮಾಸ್ತನ ದನಿ, ಹಿಂದ ಭಾಳ ಮಂದಿ ಅದಾರ. ಒಂದು ಮಾತು, ಒಂದೇ, ಆಕಳು ಅನ್ನು, ನೇಗಿಲು ಅನ್ನು, ಏನಾದರೂ ಅನ್ನು, ಅಂದರೆ ಎದುರು ಬೀಳುತ್ತೇನೆ, ಈ ಸಲ ಬೇಕಾದರೆ ಎದುರು ಬೀಳುವುದಿಲ್ಲ, ನೀ ಹೇಳಿದ್ದಕ್ಕೇ ಒತ್ತುತ್ತೇನೆ, ಐವತ್ತೇಳರ ಹಾಗೆ ನಗುತ್ತ ಓಟು ಹಾಕಿ ಬರುತ್ತೇನೆ, ಹೇಳು — ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಕೈ ತಾನಾಗಿ ಇಳಿಯಿತು, ಮೊಹರು ರೈತನ ಮೇಲೆ ಬಿತ್ತು, ನೇರವಾಗಿ, ಅಚ್ಚುಕಟ್ಟಾಗಿ, ಬಸ್ಸಿನಲ್ಲಿ ಅಂದುಕೊಂಡಲ್ಲೇ, ಯಾರೂ ಹೇಳಿಕೊಡದ, ಯಾರಿಗೂ ಎದುರಲ್ಲದ, ತನ್ನದೇ ಆದ ಮೊದಲ ಓಟು, ಒಂದೇ ಮನೆಯ ಎರಡು ಓಟು ಒಂದೇ ಕಡೆ, ಮೈ ಹಗುರಾಗಲಿಲ್ಲ. ಮಡಚ್ರಿ ಯವ್ವಾ, ಮಡಚಿ ಪೆಟ್ಟಿಗಿಗೆ ಹಾಕ್ರಿ, ಅನ್ನುತ್ತಿದ್ದಾರೆ, ಆಕೆ ಮಡಚುತ್ತಿಲ್ಲ, ಕಿವಿ ಕೊಟ್ಟು ನಿಂತಿದ್ದಾಳೆ, ಆತನ ಗಲ್ಲದ ಮೇಲೆ ಗಂಜಿ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ —